ಎರಡನೇ ಚೇಂಬರಿನ ಹಸಿರು ದೀಪ

ಕಾರ್ಖಾನೆಯಲ್ಲಿ ಎಲ್ಲರೂ ಸ್ಪ್ರಿಂಗ್ ಎಂದು ಕರೆಯುವ ನಾನು, ವಯಸ್ಸು ಇಪ್ಪತ್ತು, ವಿದ್ಯಾಭ್ಯಾಸ ಒಂಬತ್ತನೇ ತರಗತಿ ಅರ್ಧ, ಉದ್ಯೋಗ ಟೈರ್ ರಿಟ್ರೆಡಿಂಗ್ ಕಾರ್ಖಾನೆಯಲ್ಲಿ ಕೆಲಸ, ವಾಸ ಬಸ್ ಡಿಪೋ ಹಿಂದಿನ ಗಲ್ಲಿಯಲ್ಲಿ ಸೈಕಲ್ ಅಂಗಡಿಯ ಮೇಲೆ, ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಸಿಗುವ ಕೊನೆಯ ಮನೆ, ಅಂದರೆ ನನ್ನ ಸೋದರಮಾವನ ಮನೆ. ಯಾರ ಒತ್ತಾಯವೂ ಇಲ್ಲದೆ, ಹೇಳಬೇಡ ಎಂಬ ಒತ್ತಾಯ ಮಾತ್ರ ಇದ್ದು, ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಠಾಣೆಗೆ ಬರುತ್ತಿರುವುದು ಇದು ಮೂರನೇ ಸಲ. ಸೋಮವಾರ ಸಂಜೆ ಬಂದಾಗ ಸಾಹೇಬರು ಇಲ್ಲ ಎಂದರು. ಮಂಗಳವಾರ ಬಂದಾಗ ಸಾಹೇಬರು ಇದ್ದರು, ಹೇಳಿಕೆ ಬರೆದುಕೊಳ್ಳುವ ರೈಟರ್ ಇರಲಿಲ್ಲ. ಈ ದಿನ ಬುಧವಾರ ಇಬ್ಬರೂ ಇದ್ದಾರೆ. ನನಗೆ ಒಂದು ಕಡೆ ಕೂರಲು ಆಗುವುದಿಲ್ಲ, ಶಾಲೆ ಬಿಟ್ಟದ್ದೂ ಅದಕ್ಕೇ. ಆದ್ದರಿಂದ ನಿಂತುಕೊಂಡೇ ಹೇಳುತ್ತಿದ್ದೇನೆ, ರೈಟರ್ ಒಪ್ಪಿದ್ದಾರೆ.

ನಮ್ಮ ಕಾರ್ಖಾನೆಯಲ್ಲಿ ಲಾರಿ ಬಸ್ಸುಗಳ ಸವೆದ ಟೈರನ್ನು ಉಜ್ಜಿ, ಮೇಲೆ ಹೊಸ ರಬ್ಬರ್ ಪಟ್ಟಿ ಸುತ್ತಿ, ಚೇಂಬರಿನಲ್ಲಿಟ್ಟು ಬೇಯಿಸುತ್ತಾರೆ. ಚೇಂಬರ್ ಎಂದರೆ ಮಲಗಿಸಿದ ದೊಡ್ಡ ಕಬ್ಬಿಣದ ಡ್ರಮ್ಮು. ಉದ್ದ ಇಪ್ಪತ್ತು ಅಡಿ, ಒಂದು ತುದಿಯಲ್ಲಿ ದುಂಡನೆಯ ಬಾಗಿಲು, ಬಾಗಿಲಿಗೆ ಕೈಯಿಂದ ತಿರುಗಿಸುವ ಚಕ್ರ. ಒಳಗೆ ಬಿಸಿಗಾಳಿ, ಅದೂ ಭಾರೀ ಒತ್ತಡದಲ್ಲಿ. ಒತ್ತಡ ಪೂರ್ತಿ ಇಳಿಯದೆ ಬಾಗಿಲು ತೆಗೆಯಬಾರದು. ತೆಗೆಯದಂತೆ ನೋಡಿಕೊಳ್ಳಲು ಎರಡು ಕಾವಲು ಇವೆ. ಒಂದು, ಕಬ್ಬಿಣದ ಪಿನ್ನು. ಒಳಗೆ ಒತ್ತಡ ಇರುವವರೆಗೆ ಗಾಳಿಯೇ ಅದನ್ನು ತಳ್ಳಿ ಚಕ್ರಕ್ಕೆ ಅಡ್ಡ ನಿಲ್ಲಿಸುತ್ತದೆ. ಇನ್ನೊಂದು, ಗೋಡೆಯ ಮೇಲಿನ ಪ್ಯಾನೆಲ್ಲು, ಅಂದರೆ ಸಣ್ಣ ಕಂಪ್ಯೂಟರ್. ಅದು ಒತ್ತಡವನ್ನು ನೋಡುತ್ತಾ ಇದ್ದು, ಮಿತಿಗಿಂತ ಕೆಳಗೆ ಬಂದ ಮೇಲೆ ಬಾಗಿಲ ಬೀಗ ಬಿಟ್ಟು, ಕೆಂಪು ದೀಪ ಆರಿಸಿ ಹಸಿರು ದೀಪ ಹಚ್ಚುತ್ತದೆ. ಪಿನ್ನು ಆಗಾಗ ರಬ್ಬರ್ ಮಸಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದ್ದರಿಂದ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಎರಡನೇ ಚೇಂಬರಿನ ಪಿನ್ನು ಸ್ಪ್ಯಾನರುಗಳ ಡಬ್ಬಿಯಲ್ಲಿತ್ತು.

ಎರಡನೇ ಚೇಂಬರು ಹಗಲು ಪಾಳಿಯಲ್ಲಿ ಮಾವನದು. ಸಂಜೆ ಪಾಳಿಯಲ್ಲಿ ಗಡಿಯಾರನದು. ಆತ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲವಾದ್ದರಿಂದ ಆ ಹೆಸರು. ನಮ್ಮ ಫೋನುಗಳನ್ನು ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಗಡಿಯಾರ ಬರುವ ಹೊತ್ತಿಗೆ ಮಾವ ಹೊರಟಿರುತ್ತಿದ್ದರು, ಮಾವ ಬರುವ ಹೊತ್ತಿಗೆ ಗಡಿಯಾರ ಮಲಗಿರುತ್ತಿದ್ದ. ಆದ್ದರಿಂದ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಪ್ಯಾನೆಲ್ಲಿನಲ್ಲಿ ‘ಕೆಲಸದ ಹೆಸರು’ ಎಂಬ ಪೆಟ್ಟಿಗೆಯಲ್ಲಿ ಬರೆದಿಡುವುದು ನಮ್ಮಲ್ಲಿ ರೂಢಿ. ಮೂರನೇ ಟೈರು ನೋಡಿಕೋ, ಬೆಲ್ಟು ಕಿರುಗುಟ್ಟುತ್ತಿದೆ, ಹೀಗೆ ಶುರುವಾದದ್ದು ಆಮೇಲೆ ಬೈಗುಳಕ್ಕೆ ಬಂದಿತ್ತು. ಬೈಗುಳ ಅಂದರೆ ತಮಾಷೆಯದು.

ಸುಮಾರು ಒಂದು ತಿಂಗಳ ಹಿಂದೆ ಮಾವ ಗಡಿಯಾರನಿಗೆ, ‘ಕೋಳಿ ಕೂಗಿದರೂ ಏಳದವನು ಕೋಳಿಗೆ ಬೈದನಂತೆ’ ಎಂದು ಬರೆದಿಟ್ಟಿದ್ದರು. ಗಡಿಯಾರ ಅದಕ್ಕೆ ಉತ್ತರವಾಗಿ ಮರುದಿನ ಬೇಯಬೇಕಾದ ಸರದಿಗೆ ಒಂದು ಉದ್ದನೆಯ ಹೆಸರು ಹಾಕಿ ಹೋಗಿದ್ದ. ‘ಬೇಗ ಬಂದವರು ಏನು ಕಡಿದು ಕಟ್ಟೆ ಹಾಕಿದ್ದಾರೆ ಅಂತ ನೋಡೋಕೆ ನಾನು ತಡವಾಗಿ ಬರ್ತೀನಿ’ ಎಂಬುದು ಅದರ ತಾತ್ಪರ್ಯ. ಬೆಳಿಗ್ಗೆ ಮಾವ ಅದನ್ನು ಓದಿ, ನಕ್ಕು, ಹಾಗೇ ಚೇಂಬರ್ ಶುರು ಮಾಡಿದರು. ನಾನು ಟೈರು ಉರುಳಿಸಿಕೊಂಡು ಆ ಕಡೆ ಹೋದಾಗ ಒತ್ತಡ ತೋರಿಸುವ ಗೇಜಿನ ಮುಳ್ಳು ಏರಿ ನಿಂತಿತ್ತು. ದೀಪ ಮಾತ್ರ ಹಸಿರಾಗಿತ್ತು. ನಾನು ಮಾವನಿಗೆ ತೋರಿಸಿದೆ. ಮಾವ ಚಕ್ರದ ಮೇಲಿಟ್ಟಿದ್ದ ತಮ್ಮ ಟವೆಲ್ಲನ್ನು ಮೆಲ್ಲಗೆ ತೆಗೆದುಕೊಂಡು ಹಿಂದೆ ಸರಿದರು.

ಆ ಸರದಿ ಮುಗಿದ ಮೇಲೆ ಖಾಲಿ ಚೇಂಬರಿಗೆ ಸ್ವಲ್ಪವೇ ಗಾಳಿ ತುಂಬಿ ಬೇರೆ ಬೇರೆ ಹೆಸರು ಹಾಕಿ ನೋಡಿದೆವು. ಗಿಡ್ಡ ಹೆಸರಿಗೆ ಕೆಂಪು ದೀಪ, ಉದ್ದ ಹೆಸರಿಗೆ ಹಸಿರು. ಈ ವಿಷಯವನ್ನು ನಾನು ಅಂದೇ ಮ್ಯಾನೇಜರಿಗೆ ಹೇಳಿದೆ. ಅವರು, ‘ಹೆಸರು ಉದ್ದ ಆದ್ರೆ ಬಾಗಿಲು ತೆಗೆಯುತ್ತೇನೋ? ಹಾಗಾದ್ರೆ ನನ್ನ ಹೆಂಡತಿ ತಮ್ಮನ ಹೆಸರು ಹಾಕಿ ನೋಡು, ಗೋಡೆನೇ ಬಿದ್ದೀತು’ ಎಂದರು. ನಾನು ದಿನವೂ ಬೆಳಿಗ್ಗೆ ಹೋಗಿ ಹೇಳಿದೆ. ಆರನೇ ದಿನ, ನನ್ನ ಕಾಟ ತಡೆಯಲಾರದೆ, ಪ್ಯಾನೆಲ್ ಮಾರಿದ ಕಂಪನಿಗೆ ಫೋನ್ ಮಾಡಿದರು.

ಆ ವಾರದ ಶನಿವಾರ ಆ ಕಂಪನಿಯ ಸರ್ವಿಸ್ ಎಂಜಿನಿಯರ್ ಮೇಡಂ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರು, ಉದ್ದ ಹೆಸರಿಗೆ ಹಸಿರು ದೀಪ ಬರುತ್ತಿದೆಯೇ ಎಂದು ಕೇಳಿದರು. ಅವರಿಗೆ ಅದು ಮೊದಲೇ ಗೊತ್ತಿತ್ತು. ಪ್ಯಾನೆಲ್ಲಿನೊಳಗಿನ ಸಾಫ್ಟ್‌ವೇರಿನಲ್ಲಿ ಈ ದೋಷ ಇದೆ ಎಂದು ಎಲ್ಲ ಕಾರ್ಖಾನೆಗಳಿಗೂ ಎಚ್ಚರಿಕೆ ಕಳಿಸಿದ್ದರಂತೆ. ನಮ್ಮಲ್ಲಿಗೂ ಬಂದಿರಬೇಕು ಎಂದರು. ಮ್ಯಾನೇಜರು, ದಿನಕ್ಕೆ ನೂರು ಮೇಲ್ ಬರುತ್ತೆ ಮೇಡಂ ಎಂದರು.

ಮೇಡಂ ನಮಗೆ ತಿಳಿಸಿ ಹೇಳಿದ್ದು ಹೀಗೆ. ಪ್ಯಾನೆಲ್ಲಿನ ನೆನಪಿನಲ್ಲಿ ಹೆಸರಿಗೆ ಅಂತ ಇಷ್ಟು ಅಕ್ಷರದ ಜಾಗ ಬಿಟ್ಟಿದ್ದಾರೆ. ಬಂದ ಹೆಸರು ಆ ಜಾಗದಲ್ಲಿ ಹಿಡಿಸುತ್ತದೆಯೇ ಎಂದು ಅಳೆಯುವ ಒಂದು ಸಾಲನ್ನು ಬರೆಯುವುದು ಬಿಟ್ಟುಹೋಗಿದೆ. ‘ಬಸ್ಸಿನ ಸೀಟಿದ್ದ ಹಾಗೆ. ದಪ್ಪಗಿರೋರು ಬಂದು ಕೂತ್ರೆ ಪಕ್ಕದವರ ತೊಡೆ ಮೇಲೂ ಕೂತ ಹಾಗೆ ಆಗುತ್ತೆ. ಇಲ್ಲಿ ಪಕ್ಕದ ಸೀಟಲ್ಲಿ ಕೂತಿರೋದು ಬಾಗಿಲ ಮಿತಿ’ ಎಂದರು. ಹೆಸರಿನ ಬಾಲ ಮಿತಿಯ ಅಂಕಿಯ ಮೇಲೆ ಬಿದ್ದು, ಮಿತಿ ಎಲ್ಲಿಗೋ ಏರಿ ಕೂರುತ್ತದೆ. ಆಮೇಲೆ ಒಳಗೆ ಎಷ್ಟೇ ಒತ್ತಡ ಇದ್ದರೂ ಪ್ಯಾನೆಲ್ಲಿನ ಲೆಕ್ಕಕ್ಕೆ ಅದು ಕಡಿಮೆಯೇ, ಬೀಗ ಬಿಟ್ಟುಬಿಡುತ್ತದೆ. ಗೋಡೆಯ ಹತ್ತಿರ ನಿಂತು ಬರೆಯಬೇಕೆಂದಿಲ್ಲ, ಆಫೀಸಿನಿಂದ ಬರುವ ಕೇಬಲ್ಲಿನಲ್ಲಿ ಯಾರು ಹೆಸರು ಕಳಿಸಿದರೂ ಹೀಗೇ ಆಗುತ್ತದೆ, ಕೆಟ್ಟ ಬುದ್ಧಿಯವರು ಹೊರಗಿನಿಂದ ಬೇಕೆಂದೇ ಮಾಡಬಹುದು, ಆದ್ದರಿಂದಲೇ ಇದು ದೊಡ್ಡ ವಿಷಯ ಎಂದೂ ಹೇಳಿದರು.

ತಿದ್ದಿದ ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಲು ಎರಡು ಚೇಂಬರುಗಳನ್ನೂ ಒಂದು ದಿನ ನಿಲ್ಲಿಸಬೇಕು ಎಂದರು. ಮ್ಯಾನೇಜರು, ಹೊಸ ಲಾರಿ ಕಂಪನಿಯ ಆರ್ಡರ್ ಇದೆ, ಈ ತಿಂಗಳು ಸಾಧ್ಯವೇ ಇಲ್ಲ ಎಂದರು. ಆಗ ಮೇಡಂ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಮೂರು ಕೆಲಸ ಮಾಡಿ ಹೋದರು. ಪ್ಯಾನೆಲ್ಲುಗಳ ಬೀಗ ತಿರುಗಿಸಿ, ಅಲ್ಲಿ ಯಾರೂ ಹೆಸರು ಬರೆಯದಂತೆ ಮಾಡಿದರು. ಎರಡು ಪ್ಯಾನೆಲ್ಲುಗಳಿಗೂ ಆಫೀಸಿನಿಂದ ಬರುವ ಒಂದೇ ಕೇಬಲ್ಲನ್ನು ಕಿತ್ತು, ತುದಿಗೆ ಹಳದಿ ಟೇಪು ಸುತ್ತಿದರು. ಎರಡೂ ಚೇಂಬರಿನ ಪಿನ್ನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಜಾಗಕ್ಕೆ ಹಾಕಿದರು. ಹೋಗುವಾಗ, ‘ಇದರಲ್ಲಿ ಒಂದನ್ನ ತೆಗೆದ್ರೂ ನಂಗೆ ಹೇಳಿ ತೆಗೀರಿ’ ಎಂದರು. ಎಲ್ಲರೂ ಹೂಂ ಅಂದೆವು.

ಅದರಿಂದ ಎಲ್ಲರಿಗೂ ಕಿರಿಕಿರಿಯಾಯಿತು. ಗಡಿಯಾರನಿಗೆ ಬೈಯಲು ಜಾಗ ಇಲ್ಲದೆ ಚೇಂಬರಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದ. ಹೊಸ ಲಾರಿ ಕಂಪನಿಯವರು ಪ್ರತಿ ಟೈರಿಗೂ ತಮ್ಮ ಪೂರ್ತಿ ಹೆಸರಿನ ಚೀಟಿ ಅಂಟಿಸಬೇಕು ಎಂದಿದ್ದರು. ಅದು ಅಣ್ಣತಮ್ಮಂದಿರ ಕಂಪನಿ, ಹೆಸರಿನಲ್ಲಿ ಅವರ ಅಪ್ಪನೂ ಇದ್ದಾರೆ, ಅಜ್ಜನೂ ಇದ್ದಾರೆ. ಚೀಟಿ ಅಚ್ಚಾಗುವುದು ಪ್ಯಾನೆಲ್ಲಿನ ಹೆಸರಿನಿಂದ. ಕೇಬಲ್ ಇಲ್ಲದ್ದರಿಂದ ಮ್ಯಾನೇಜರು ಕೈಯಲ್ಲೇ ಚೀಟಿ ಬರೆಯಬೇಕಾಯಿತು. ಬರೆದು ಬರೆದು, ನನ್ನನ್ನು ಕಂಡಾಗಲೆಲ್ಲ, ‘ಬಂದ್ರಪ್ಪ ದೊಡ್ಡ ಎಂಜಿನಿಯರ್‌ರು’ ಎನ್ನುತ್ತಿದ್ದರು.

ಕಳೆದ ಗುರುವಾರ ಮಧ್ಯಾಹ್ನ ಎರಡನೇ ಚೇಂಬರಿನ ಪಿನ್ನು ಮತ್ತೆ ಸಿಕ್ಕಿಹಾಕಿಕೊಂಡಿತು. ಒತ್ತಡ ಪೂರ್ತಿ ಇಳಿದಿದ್ದರೂ ಚಕ್ರ ತಿರುಗಲಿಲ್ಲ. ಟೈರುಗಳು ಒಳಗೇ ಹೆಚ್ಚು ಬೆಂದು ಹಾಳಾದವು. ಮಾವ ಬೈಸಿಕೊಂಡರು. ಮಾವ ಅಂದೇ ಪಿನ್ನನ್ನು ಬಿಚ್ಚಿ ಸ್ಪ್ಯಾನರುಗಳ ಡಬ್ಬಿಗೆ ಹಾಕಿದರು. ನಾನು ಎದುರಿಗೇ ಇದ್ದೆ. ಬೇಡ ಮಾವ, ಮೇಡಂಗೆ ಹೇಳಿ ಅಂದೆ. ಮಾವ, ‘ಕೇಬಲ್ಲೇ ಇಲ್ವಲ್ಲೋ, ಹೆಸರು ಆಕಾಶದಿಂದ ಬರುತ್ತಾ? ಅಳಿಯಂದಿರೇ, ನೀವು ಹುಟ್ಟೋ ಮೊದಲು ನಾನು ಈ ಚಕ್ರ ತಿರುಗಿಸಿದ್ದೀನಿ’ ಎಂದರು. ನಾನು ಎರಡು ಸಲ ಪಿನ್ನನ್ನು ಡಬ್ಬಿಯಿಂದ ಎತ್ತಿ ಅವರ ಕೈಗೆ ಕೊಟ್ಟೆ. ಎರಡು ಸಲವೂ ಅವರು ಡಬ್ಬಿಗೆ ಹಾಕಿದರು. ಆ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ನಾವಿಬ್ಬರೂ ಮಾತಾಡಲಿಲ್ಲ. ಅತ್ತೆ, ಇಬ್ಬರ ಬಾಯಿಗೂ ಯಾರು ಬೀಗ ಹಾಕಿದ್ದು ಎಂದು ಕೇಳಿದರು.

ಮೊನ್ನೆ ಶನಿವಾರ ಸಂಜೆ ಮ್ಯಾನೇಜರು ಕೇಬಲ್ಲಿನ ಟೇಪು ಬಿಚ್ಚಿ ಮತ್ತೆ ಚುಚ್ಚಿದ್ದಾರೆ. ಅದನ್ನು ನಾನು ನೋಡಲಿಲ್ಲ, ಆದರೆ ಅವರೇ ಮಂಗಳವಾರ ನನ್ನ ಮುಂದೆ ಹೇಳಿದರು. ಅವರ ಮಾತು ಹೀಗಿತ್ತು: ‘ಪಿನ್ನು ಇದೆಯಲ್ಲ ಅಂತ ಧೈರ್ಯ ಮಾಡಿ ಹಾಕ್ದೆ ಕಣೋ.’ ಅಂದರೆ ಕೇಬಲ್ ಇಲ್ಲವಲ್ಲ ಎಂದು ಮಾವ ಪಿನ್ನು ತೆಗೆದರು, ಪಿನ್ನು ಇದೆಯಲ್ಲ ಎಂದು ಮ್ಯಾನೇಜರು ಕೇಬಲ್ ಹಾಕಿದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಮೇಡಂಗೂ ಹೇಳಲಿಲ್ಲ. ಆಫೀಸಿನಿಂದ ಚೇಂಬರಿಗೆ ನಲವತ್ತು ಹೆಜ್ಜೆಯೂ ಇಲ್ಲ.

ಸೋಮವಾರ ಬೆಳಿಗ್ಗೆ ಮಾವ ಎಂಟು ಗಂಟೆಗೆ ಎರಡನೇ ಚೇಂಬರ್ ಶುರು ಮಾಡಿದರು. ಹೆಸರಿನ ಜಾಗದಲ್ಲಿ ಬರೀ ‘ಎರಡು’ ಎಂದಿತ್ತು, ದೀಪ ಕೆಂಪಗಿತ್ತು. ಹನ್ನೊಂದೂವರೆ ಸುಮಾರಿಗೆ ಬೇಯುವುದು ಮುಗಿದು ಗಾಳಿ ಹೊರಬಿಡುವುದು ಶುರುವಾಯಿತು. ಅದು ಪೂರ್ತಿ ಇಳಿಯಲು ಇಪ್ಪತ್ತು ನಿಮಿಷ ಬೇಕು, ಆದರೆ ನಮ್ಮಲ್ಲಿ ಯಾರೂ ಹೊತ್ತು ನೋಡುವುದಿಲ್ಲ, ದೀಪ ನೋಡಿಯೇ ತೆಗೆಯುತ್ತಾರೆ. ದೀಪ ಡ್ರಮ್ಮಿನ ನೆತ್ತಿಯ ಮೇಲಿದೆ, ಚಕ್ರದ ಹತ್ತಿರ ನಿಂತವರಿಗೆ ಅದು ಮಾತ್ರ ಕಾಣುತ್ತದೆ. ಗೇಜು ಮತ್ತು ಪ್ಯಾನೆಲ್ಲು ಡ್ರಮ್ಮಿನ ಇನ್ನೊಂದು ತುದಿಯಲ್ಲಿವೆ, ನಾನು ಟೈರು ಉಜ್ಜುತ್ತಿದ್ದದ್ದು ಆ ತುದಿಯಲ್ಲಿ.

ಗಾಳಿ ಬಿಡುವುದು ಶುರುವಾಗಿ ಐದಾರು ನಿಮಿಷ ಆಗಿರಬೇಕು. ನಾನು ತಲೆ ಎತ್ತಿದಾಗ ಪ್ಯಾನೆಲ್ಲಿನಲ್ಲಿ ‘ಎರಡು’ ಎಂಬುದು ಹೋಗಿ, ಆ ಜಾಗಕ್ಕೆ ಲಾರಿ ಕಂಪನಿಯ ಹೆಸರು ಬಂದಿತ್ತು. ಅಣ್ಣತಮ್ಮಂದಿರು, ಅಪ್ಪ, ಅಜ್ಜ ಎಲ್ಲರೂ ಇದ್ದರು. ಚೀಟಿ ಅಚ್ಚು ಮಾಡಲು ಮ್ಯಾನೇಜರು ಆಫೀಸಿನಲ್ಲಿ ಕೂತು ಆಗ ತಾನೇ ಹೆಸರು ಕಳಿಸಿದ್ದರು. ಗೇಜಿನ ಮುಳ್ಳು ಅರ್ಧಕ್ಕಿಂತ ಮೇಲಿತ್ತು. ದೀಪ ಹಸಿರಾಗಿತ್ತು.

ನಾನು ಮಾವ ಎಂದು ಕೂಗಿದೆ. ಉಜ್ಜುವ ಯಂತ್ರ ಓಡುತ್ತಿತ್ತು. ಅದನ್ನು ಆರಿಸಿ ಕೂಗಬೇಕಾಗಿತ್ತೋ ಓಡಬೇಕಾಗಿತ್ತೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಾನು ಓಡಿದೆ. ಡ್ರಮ್ಮಿನ ಉದ್ದ ಮೊದಲೇ ಹೇಳಿದ್ದೇನೆ, ಇಪ್ಪತ್ತು ಅಡಿ. ನಾನು ಬಾಗಿಲ ಕಡೆ ತಿರುಗಿದಾಗ ಮಾವನ ಎರಡೂ ಕೈ ಚಕ್ರದ ಮೇಲಿದ್ದವು. ಅವರು ನನ್ನನ್ನು ನೋಡಿ, ಏನೋ ಎಂಬಂತೆ ಹುಬ್ಬು ಎತ್ತಿದರು. ಆಮೇಲೆ ಬಾಗಿಲು ಒದೆಯಿತು.

ಬಾಗಿಲು ಒದೆದ ರಭಸಕ್ಕೆ ಮಾವನ ಬಲ ಮುಂಗೈ ಮೂಳೆ ಮುರಿದಿದೆ. ಬಿಸಿಗಾಳಿಗೆ ಬಲಗೆನ್ನೆ, ಕುತ್ತಿಗೆ, ಭುಜ ಸುಟ್ಟಿವೆ. ಬಲಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳಿಲ್ಲ. ಒಳಗಿದ್ದ ಟೈರೊಂದು ಹೊರಗೆ ಉರುಳಿ ಬಂದು ಗೋಡೆಗೆ ತಗುಲಿ ನಿಂತಿತು. ಗೋಡೆಗೂ ಚೇಂಬರಿಗೂ ನಡುವೆ ಮಾವನ ತಿಂಡಿ ಡಬ್ಬಿ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ.

ನಾನು ಮೊದಲು ಮಾವನನ್ನು ಎಳೆದು ಹೊರಗೆ ಮಲಗಿಸಿದೆ. ಗಾಡಿ ಬರುವುದರೊಳಗೆ ಹೋಗಿ ಕೇಬಲ್ಲನ್ನು ಕಿತ್ತೆ. ಕೇಬಲ್ ಕಿತ್ತದ್ದು ನಾನೇ. ಅದರಿಂದ ಮೊದಲನೇ ಚೇಂಬರಿನ ಚೀಟಿಗಳೂ ನಿಂತವು. ಇದನ್ನು ಮ್ಯಾನೇಜರು ಇಲ್ಲಿ ಕೊಟ್ಟ ದೂರಿನಲ್ಲಿ ಆಸ್ತಿ ಹಾನಿ ಎಂದು ಬರೆದಿದ್ದಾರಂತೆ. ಬರೆದಿದ್ದರೆ ನಾನು ಇಲ್ಲ ಎನ್ನುವುದಿಲ್ಲ.

ಆ ದಿನ ಸಂಜೆಯೊಳಗೆ ಕಥೆ ಎರಡಾಯಿತು. ಮಧ್ಯಾಹ್ನ ಮ್ಯಾನೇಜರು ಎರಡು ಪಾಳಿಯವರನ್ನೂ ಕರೆಸಿ, ಹೊರಗಿನ ಯಾರೋ ಹ್ಯಾಕರ್ ಒಳಗೆ ನುಗ್ಗಿ ಬಾಗಿಲು ತೆಗೆದಿದ್ದಾನೆ ಎಂದರು. ಗಡಿಯಾರ, ‘ಅಷ್ಟು ದೂರದಿಂದ ಬಂದವನು ನಮ್ಮ ಕ್ಯಾಂಟೀನ್ ಚಹಾನಾದ್ರೂ ಕುಡಿದು ಹೋಗಬಾರದಿತ್ತಾ’ ಎಂದ. ಯಾರೂ ನಗಲಿಲ್ಲ. ಹ್ಯಾಕರ್ ಎಂದರೆ ಕೇಬಲ್ ಯಾರು ಹಾಕಿದರು ಎಂಬ ಪ್ರಶ್ನೆ ಬರುತ್ತದೆ ಎಂದು ಯಾರೋ ಹೇಳಿರಬೇಕು. ಸಂಜೆ ಹೊತ್ತಿಗೆ ಕಥೆಯಲ್ಲಿ ಹ್ಯಾಕರ್ ಹೋಗಿ ಆ ಜಾಗಕ್ಕೆ ಮಾವ ಬಂದಿದ್ದರು. ದೀಪ ಕೆಂಪಗಿದ್ದರೂ ಅವಸರದಲ್ಲಿ ಬಲವಂತವಾಗಿ ಬಾಗಿಲು ತೆಗೆದರು, ತಪ್ಪು ಅವರದೇ ಎಂದು ದೂರು ಕೊಟ್ಟಿದ್ದಾರೆ. ಮಂಗಳವಾರ ಮ್ಯಾನೇಜರು ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ‘ಕೆಂಪು ದೀಪ ಇತ್ತು ಅಂತ ಒಂದು ಮಾತು ಹೇಳು, ನಿನ್ನ ಕೆಲಸಕ್ಕೆ ನಾನು ಜವಾಬ್ದಾರಿ’ ಎಂದರು. ಕೇಬಲ್ ತಾವೇ ಹಾಕಿದ್ದಾಗಿ ಹೇಳಿದ್ದು ಆಗಲೇ. ನಾನು ಹಸಿರು ಇತ್ತು ಎಂದೆ. ಅವರು, ‘ನಿನ್ನ ಕಣ್ಣಿಗೆ ಎಲ್ಲಾ ಹಸಿರೇ’ ಎಂದು ಹೋದರು.

ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದಾರೆ. ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಅವರು ನನ್ನನ್ನು ಕೇಳಿಕೊಂಡದ್ದು ಒಂದೇ: ‘ಕೇಬಲ್ಲಿನ ಮಾತು ಹೇಳು, ಹೆಸರಿನ ಮಾತು ಹೇಳು, ಪಿನ್ನಿನ ಮಾತು ಮಾತ್ರ ಎತ್ತಬೇಡ ಕಣಪ್ಪ. ಅದೊಂದು ಬಿಟ್ರೆ ನಿನಗೇನು ಗಂಟು ಹೋಗುತ್ತೆ?’ ಈ ದಿನ ಬೆಳಿಗ್ಗೆ ನಾನು ಇದನ್ನು ಮಾವನನ್ನೇ ಕೇಳಿದ್ದೆ. ಅವರ ಮುಖದ ಅರ್ಧಕ್ಕೆ ಬಟ್ಟೆ ಸುತ್ತಿದ್ದಾರೆ, ಮಾತು ತೊದಲುತ್ತದೆ. ಪಿನ್ನಿನ ವಿಷಯ ಹೇಳಲೇ ಎಂದೆ. ಅವರು, ‘ಎಲ್ಲಾ ಹೇಳು. ನೀನು ಅರ್ಧ ಹೇಳಿದ್ರೆ ಉಳಿದರ್ಧ ಅವರು ಹೇಳ್ತಾರೆ’ ಎಂದರು. ಆಮೇಲೆ, ‘ಹೇಳಬೇಡ ಅಂದಿದ್ರೂ ನೀನು ಹೇಳ್ತಿದ್ದೆ ತಾನೇ, ಕತ್ತೆ’ ಎಂದರು. ಹೌದು ಎಂದೆ.

ಆದ್ದರಿಂದ ಪಿನ್ನು ತೆಗೆದದ್ದು ನನ್ನ ಮಾವ ಎಂದು ಬರೆದುಕೊಳ್ಳಬೇಕು. ಚಕ್ರ ತಿರುಗಿಸುವಾಗ ದೀಪ ಹಸಿರಾಗಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಡಬಾರದು.

ಇನ್ನೊಂದು ವಿಷಯ ಇದೆ, ನನಗೆ ಅವಸರ ಇರುವುದು ಅದಕ್ಕೇ. ಎರಡನೇ ಚೇಂಬರಿಗೆ ನೀವು ಸೀಲು ಹಾಕಿದ್ದೀರಿ. ಮೊದಲನೇ ಚೇಂಬರಿನ ಪ್ಯಾನೆಲ್ಲೂ ಅದೇ, ಒಳಗಿನ ಸಾಫ್ಟ್‌ವೇರೂ ಅದೇ. ದಿನವೂ ಎಂಟೂ ಮುಕ್ಕಾಲಿಗೆ ಶುರುವಾಗುವ ಅದು ಈಗ ಓಡುತ್ತಿದೆ. ಆರ್ಡರ್ ಅರ್ಧ ಉಳಿದಿದೆ ಎಂದು ನಾನು ಕಿತ್ತ ಕೇಬಲ್ಲನ್ನು ಮಂಗಳವಾರವೇ ಮತ್ತೆ ಚುಚ್ಚಿದ್ದಾರೆ. ಈ ದಿನ ಬೆಳಿಗ್ಗೆ ಗೇಟಿನಿಂದಲೇ ಆಫೀಸಿನ ಕಿಟಕಿಯಲ್ಲಿ ನೋಡಿದೆ, ಚೀಟಿ ಅಚ್ಚಾಗುತ್ತಿತ್ತು. ಎರಡನೇ ಚೇಂಬರು ನಿಂತಿದ್ದರಿಂದ ಈಗ ಅಲ್ಲಿ ನಿಂತಿರುವುದು ಗಡಿಯಾರ, ಎರಡು ಪಾಳಿಯೂ ಅವನೇ. ಆ ಚೇಂಬರಿನ ಪಿನ್ನು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಒಳಗೆ ಬಿಡಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ಇಲ್ಲಿ ಕೊಳ್ಳೆ ಹೋದ ಮೇಲೂ ಹಾಕಿಲ್ಲ. ತನಿಖೆ ಆಗಲಿ, ನಿಧಾನವಾಗಿಯೇ ಆಗಲಿ. ಅದಕ್ಕೆ ಮೊದಲು ಯಾರಾದರೂ ಹೋಗಿ ಆ ಕೇಬಲ್ ಕೀಳಬೇಕು. ಮೇಡಂ ಅವರ ನಂಬರ್ ಕೊಟ್ಟಿದ್ದೇನೆ.

ಸಾಹೇಬರು ಇದನ್ನು ಕೇಳಿ, ಹೆಸರು ಉದ್ದವಾದರೆ ಬಾಗಿಲು ತೆಗೆಯುತ್ತದೆ ಎಂದರೆ ಕೋರ್ಟಿನಲ್ಲಿ ಯಾರು ನಂಬುತ್ತಾರೆ ಎಂದು ಕೇಳಿದರು. ನಾನು ಈ ಕೋಣೆಯಲ್ಲೇ ಕಂಡದ್ದನ್ನು ಹೇಳುತ್ತೇನೆ. ಹೇಳಿಕೆ ಶುರು ಮಾಡುವ ಮೊದಲು ರೈಟರ್ ನನ್ನ ವಿಳಾಸವನ್ನು ಕಂಪ್ಯೂಟರಿಗೆ ಹಾಕುತ್ತಿದ್ದರು. ಕಬ್ಬಿಣದ ಮೆಟ್ಟಿಲು ಹತ್ತಿ ಎನ್ನುವಷ್ಟರಲ್ಲಿ ಅದು ಟುಯ್ ಎಂದು ಸದ್ದು ಮಾಡಿ ನಿಂತಿತು. ರೈಟರ್ ಗುಂಡಿ ಒತ್ತಿದರು, ಒಂದಕ್ಷರವೂ ಮುಂದೆ ಹೋಗಲಿಲ್ಲ. ‘ಏನಪ್ಪಾ ನಿನ್ನ ಮನೆ ವಿಳಾಸ, ಪೆಟ್ಟಿಗೇಲಿ ಹಿಡಿಸ್ತಾ ಇಲ್ಲ’ ಎಂದು ಬೈದು, ಉಳಿದದ್ದನ್ನು ಕಾಗದದ ಮೇಲೆ ಬರೆದುಕೊಂಡರು. ಆ ಪ್ಯಾನೆಲ್ಲೂ ಅಷ್ಟೇ ಮಾಡಬೇಕಾಗಿತ್ತು. ಟುಯ್ ಎಂದು ನಿಲ್ಲಬೇಕಾಗಿತ್ತು.

ಮೇಲಿನದನ್ನು ರೈಟರ್ ನನಗೆ ಓದಿ ಹೇಳಿದರು. ಅದರಲ್ಲಿ ‘ಬಾಗಿಲು ಆಕಸ್ಮಿಕವಾಗಿ ತೆರೆದುಕೊಂಡು’ ಎಂದು ಒಂದು ಕಡೆ ಇತ್ತು. ಆಕಸ್ಮಿಕ ಎಂಬ ಮಾತು ನಾನು ಹೇಳಿದ್ದಲ್ಲ. ಒಂದು ತಿಂಗಳಿಂದ ಗೊತ್ತಿದ್ದದ್ದು ಆಕಸ್ಮಿಕ ಹೇಗಾಗುತ್ತದೆ ಎಂದು ಕೇಳಿ ಅದನ್ನು ಹೊಡೆದು ಹಾಕಿಸಿದ್ದೇನೆ. ಹೊಡೆದ ಜಾಗದಲ್ಲಿ ಗುರುತಿಗೆ ಸಣ್ಣ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು, ಹೇಳಿದ ಹಾಗೆಯೇ ಇದೆ, ನಿಜ ಇದೆ.

ಸ್ಥಳ: ಠಾಣೆ, ರೈಟರ್ ಕೋಣೆ
ದಿನ: ಬುಧವಾರ, ಮಧ್ಯಾಹ್ನ 12.15. ಮೊದಲನೇ ಚೇಂಬರ್ ಗಾಳಿ ಬಿಡುವ ಹೊತ್ತು.
ಸಹಿ